ಗಂಟೆಯ ಲೆಕ್ಕ ಇರಲಿ, ಗೋಡೆ ಬೇಡ



ಓದಲೆಂದು ಪರದೇಶದಿಂದ ಬಂದ ವಿದ್ಯಾರ್ಥಿ ವಾರಕ್ಕೆ ಎಷ್ಟು ಹೊತ್ತು ದುಡಿಯಬಹುದೆಂದು ಗೊತ್ತುಪಡಿಸುವ ಅಧಿಕಾರ ಆಯಾ ದೇಶಕ್ಕೆ ಉಂಟು. ಅದನ್ನು ನಾನು ಪ್ರಶ್ನಿಸುವುದಿಲ್ಲ. ಓದುವ ಹುಡುಗ ದಿನವಿಡೀ ದುಡಿದರೆ ಓದಿನ ಗತಿ ಏನಾಗುತ್ತದೆಂಬುದನ್ನು ತರಗತಿಯಲ್ಲಿ ನಿಂತು ಹಲವು ವರ್ಷ ಕಂಡವನು ನಾನು. ಆದರೆ ಅವನು ಎಲ್ಲಿ ದುಡಿಯಬೇಕೆಂಬುದನ್ನು ವಿಶ್ವವಿದ್ಯಾಲಯದ ಆವರಣದ ಗೋಡೆಯೇ ತೀರ್ಮಾನಿಸಬೇಕೆನ್ನುವ ಅಮೆರಿಕದ ನಿಯಮ ಅವಿವೇಕದ್ದು, ಅನ್ಯಾಯದ್ದು ಎಂಬುದು ನನ್ನ ಖಚಿತ ಅಭಿಮತ. ಹಾಗೆಯೇ, ಅಮೆರಿಕವನ್ನು ಬೈಯುವ ನಾವು ನಮ್ಮ ದೇಶದಲ್ಲಿ ಅದಕ್ಕಿಂತಲೂ ಕಠಿಣವಾದ ನಿಯಮವನ್ನಿಟ್ಟುಕೊಂಡು ಸುಮ್ಮನಿರುವುದು ನಮಗೆ ಶೋಭೆ ತರುವ ಸಂಗತಿಯಲ್ಲ. ಈ ಎರಡು ಮಾತುಗಳನ್ನು ಕೊಂಚ ವಿವರವಾಗಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಇದು ನಮಗೆ ದೂರದ ವಿಷಯವೆಂದು ಯಾರೂ ತಿಳಿಯಬೇಡಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವಡ್ಡು, ತೋರಣಗಲ್ಲು, ಸಂಡೂರಿನ ಕಡೆಯ ಹುಡುಗನೊಬ್ಬ ಬಳ್ಳಾರಿಯ ಕಾಲೇಜು ಮುಟ್ಟಿದರೆ ಮನೆಯವರು ಗುಡಿಗೆ ಹೋಗಿ ಕಾಯಿ ಒಡೆಸುತ್ತಿದ್ದರು. ಈಗ ಕಂಪ್ಲಿಯ ಗದ್ದೆಯವರ ಮನೆಯಿಂದ, ಹೊಸಪೇಟೆಯ ಅಂಗಡಿಕಾರರ ಮನೆಯಿಂದ, ಅದಿರಿನ ಲಾರಿ ನಡೆಸಿದವರ ಮನೆಯಿಂದ ಮಕ್ಕಳು ಟೆಕ್ಸಾಸಿಗೂ ಒಹಾಯೊಗೂ ಹೋಗುತ್ತಿದ್ದಾರೆ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಚೀನಾವನ್ನು ಹಿಂದಿಕ್ಕಿ ನಾವು ಆ ವರ್ಷ ಮೊದಲ ಸ್ಥಾನಕ್ಕೆ ಬಂದೆವು. ಪತ್ರಿಕೆಗಳಲ್ಲಿ ಇದು ಹೆಮ್ಮೆಯ ಸುದ್ದಿಯಾಗಿ ಬಂತು. ಆ ಸಂಖ್ಯೆಯ ಹಿಂದೆ ಎಷ್ಟು ಮನೆಗಳ ಪತ್ರಗಳು ಅಡವಿನಲ್ಲಿವೆ ಎಂಬ ಮಾತು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲು ನಿಯಮವೇನೆಂದು ತಿಳಿಯೋಣ. ನಮ್ಮ ಮಕ್ಕಳಲ್ಲಿ ಬಹುಪಾಲಿನವರು ಹೋಗುವುದು ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ. ಈ ವೀಸಾದವರು ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ರಜಾದಿನಗಳಲ್ಲಿ ಪೂರ್ಣಾವಧಿ ದುಡಿಯಬಹುದು. ಆದರೆ ಆ ಕೆಲಸ ವಿಶ್ವವಿದ್ಯಾಲಯದ ಆವರಣದಲ್ಲೇ ಇರಬೇಕು, ಇಲ್ಲವೇ ಅದರೊಂದಿಗೆ ಶೈಕ್ಷಣಿಕ ಸಂಬಂಧವಿರುವ ಸ್ಥಳದಲ್ಲಿರಬೇಕು. ಗ್ರಂಥಾಲಯ, ಪ್ರಯೋಗಾಲಯ, ಊಟದ ಮನೆ, ಪುಸ್ತಕದಂಗಡಿ ಇವೆಲ್ಲ ಆದೀತು. ಆವರಣದೊಳಗೆ ಖಾಸಗಿಯವರು ನಡೆಸುವ ಉಪಾಹಾರ ಗೃಹವೂ ಆದೀತು, ಏಕೆಂದರೆ ಅದು ವಿದ್ಯಾರ್ಥಿಗಳಿಗೆ ನೇರವಾಗಿ ಸೇವೆ ಒದಗಿಸುತ್ತದೆ. ಅದೇ ಆವರಣದಲ್ಲಿ ಹೊಸ ಕಟ್ಟಡ ಕಟ್ಟುತ್ತಿರುವ ಗುತ್ತಿಗೆದಾರನ ಬಳಿ ಮಾತ್ರ ಕೆಲಸ ಮಾಡುವಂತಿಲ್ಲ. ಪಠ್ಯಕ್ಕೆ ಸಂಬಂಧಿಸಿದ ತರಬೇತಿಗೆ ಬೇರೆ ದಾರಿಗಳಿವೆ. ಅವೂ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆಯೇ ತೆರೆಯುತ್ತವೆ. ಹೊಟ್ಟೆಪಾಡಿಗೆ, ಮನೆಬಾಡಿಗೆಗೆ ಉಳಿಯುವುದು ಆವರಣದ ಕೆಲಸವೊಂದೇ.

ಇನ್ನು ಲೆಕ್ಕ. ಗಣಿತದ ಮೇಷ್ಟ್ರು ಬೇಕಾಗಿಲ್ಲ, ಏಳನೆಯ ತರಗತಿಯ ಗುಣಾಕಾರ ಸಾಕು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಕೆಲವು ರಾಜ್ಯಗಳು ಹೆಚ್ಚು ಗೊತ್ತುಮಾಡಿವೆ. ನಮ್ಮ ಮಕ್ಕಳು ಹೇರಳವಾಗಿ ಹೋಗುವ ಟೆಕ್ಸಾಸಿನಲ್ಲಿ ಇದೇ ದರ. 20 ಗಂಟೆಗೆ 145 ಡಾಲರ್. ಪಾಠ ನಡೆಯುವ ದಿನಗಳು ವರ್ಷಕ್ಕೆ 32 ವಾರವೆಂದು ಹಿಡಿದರೆ 4,640 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಎಣಿಸಿದರೂ ನಾಲ್ಕು ಲಕ್ಷ ಮುಟ್ಟುವುದಿಲ್ಲ. ಇತ್ತ ಒಂದು ಮನೆ 30 ಲಕ್ಷ ಸಾಲ ಮಾಡಿದೆಯೆನ್ನಿ, ಬಡ್ಡಿ ಶೇಕಡ 11 ಎನ್ನಿ. ವರ್ಷದ ಬಡ್ಡಿಯೇ 3 ಲಕ್ಷ 30 ಸಾವಿರ. ಅಲ್ಲಿಗೆ ಆ ಹುಡುಗನ ವರ್ಷದ ದುಡಿಮೆ ಬಡ್ಡಿಗೇ ಹೆಚ್ಚುಕಡಿಮೆ ಸರಿಹೋಯಿತು. ಊಟ, ಬಾಡಿಗೆ, ಮುಂದಿನ ಅವಧಿಯ ಶುಲ್ಕ ಯಾವ ಬಾವಿಯಿಂದ ಬರಬೇಕು?

ಅದೂ ಕೆಲಸ ಸಿಕ್ಕರೆ. ಆವರಣದೊಳಗಿನ ಕೆಲಸಗಳೆಲ್ಲ ಪರದೇಶದವರಿಗೆ ತೆರೆದಿರುವುದಿಲ್ಲ. 1964ರಿಂದ ಅಲ್ಲಿ ಕೇಂದ್ರ ಸರ್ಕಾರದ ಹಣದಿಂದ ಬಡ ವಿದ್ಯಾರ್ಥಿಗಳಿಗೆ ಓದಿನ ಜೊತೆಗೆ ಕೆಲಸ ಕೊಡುವ ಒಂದು ಒಳ್ಳೆಯ ಯೋಜನೆ ನಡೆದುಬಂದಿದೆ. ಎಫ್-1 ವೀಸಾದವರಿಗೆ ಅದರಲ್ಲಿ ಪಾಲಿಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ತೆರಿಗೆ ಕೊಟ್ಟವರ ಹಣ ಅವರ ಮಕ್ಕಳಿಗೆ ಸಲ್ಲಲಿ. ಆದರೆ ಪರಿಣಾಮವನ್ನು ನೋಡಿ. ಹೊರಗೆ ದುಡಿಯಬೇಡ ಎನ್ನುವ ಕಾನೂನು ಒಂದು ಕಡೆ, ಒಳಗಿನ ಕೆಲಸಗಳಲ್ಲಿ ಒಂದು ಭಾಗ ನಿನಗಲ್ಲ ಎನ್ನುವ ವ್ಯವಸ್ಥೆ ಇನ್ನೊಂದು ಕಡೆ. ಉಳಿದ ಕೆಲವು ಕೆಲಸಗಳಿಗೆ ನೂರಾರು ಮಕ್ಕಳು ಕಾಯುತ್ತಾರೆ. ಸಿಕ್ಕ ಕೆಲಸದಲ್ಲಿ ಮೇಲ್ವಿಚಾರಕನು ಏನೆಂದರೂ ಸಹಿಸಬೇಕು, ಏಕೆಂದರೆ ಬೇರೆ ಮಾಲೀಕನ ಬಳಿಗೆ ಹೋಗಲು ದಾರಿಯೇ ಇಲ್ಲ. ವಡ್ಡು, ತೋರಣಗಲ್ಲಿನ ಕಡೆಯವರಿಗೆ ಗೇಟ್ ಪಾಸೆಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಒಂದೇ ಗೇಟಿನೊಳಗೆ ಅನ್ನವಿದ್ದಾಗ ಮನುಷ್ಯ ತನ್ನ ಮಾತನ್ನು ಹೇಗೆ ನುಂಗಿಕೊಳ್ಳುತ್ತಾನೆಂಬುದು ಗುತ್ತಿಗೆ ಕಾರ್ಮಿಕರ ಮನೆಗಳಲ್ಲಿ ತಿಳಿದ ವಿಷಯವೇ.

ಈ ಗೋಡೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮೂರು ವಾದಗಳನ್ನು ಹೂಡುತ್ತಾರೆ.

ಒಂದನೆಯದು, ಓದಿನ ರಕ್ಷಣೆ. ಬಂದದ್ದು ಓದುವುದಕ್ಕೆ, ಓದು ಕೆಡಬಾರದು ಎನ್ನುತ್ತಾರೆ. ಒಪ್ಪಿದೆ. ಆದರೆ ಓದನ್ನು ಕಾಯುವುದು 20 ಗಂಟೆಯ ಮಿತಿ; ಗೋಡೆಯಲ್ಲ. ಆವರಣದ ಊಟದ ಮನೆಯಲ್ಲಿ ತಟ್ಟೆ ತೊಳೆದರೆ ವಿದ್ಯೆಗೆ ಭಂಗವಿಲ್ಲ, ರಸ್ತೆಯಾಚೆಯ ಹೋಟೆಲಿನಲ್ಲಿ ಅಷ್ಟೇ ಹೊತ್ತು ತಟ್ಟೆ ತೊಳೆದರೆ ಭಂಗವುಂಟು ಎನ್ನುವುದು ಯಾವ ಶಿಕ್ಷಣಶಾಸ್ತ್ರ? ರಸ್ತೆಯಾಚೆಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ವಾಣಿಜ್ಯದ ವಿದ್ಯಾರ್ಥಿ ನಾಲ್ಕು ಗಂಟೆ ಕುಳಿತರೆ ತಟ್ಟೆ ತೊಳೆದುದಕ್ಕಿಂತ ಹೆಚ್ಚು ಕಲಿತಾನು.

ಎರಡನೆಯದು, ಸ್ಥಳೀಯ ಕಾರ್ಮಿಕರ ರಕ್ಷಣೆ. ಇದು ಗೌರವಿಸಬೇಕಾದ ವಾದ. ನಮ್ಮ ಜಿಲ್ಲೆಯಲ್ಲಿಯೂ ಕಾರ್ಖಾನೆಗಳ ಕೆಲಸ ಮೊದಲು ಊರವರಿಗೆ ಸಿಗಲಿ ಎಂದು ಕೇಳುವವರು ನಾವು. ಆದರೆ ಇದಕ್ಕೆ ಗೋಡೆಯೊಂದೇ ಪರಿಹಾರವಲ್ಲವೆಂಬುದನ್ನು ಸ್ವತಃ ಅಮೆರಿಕವೇ ಒಮ್ಮೆ ಒಪ್ಪಿತ್ತು. 1990ರ ವಲಸೆ ಕಾಯ್ದೆಯಲ್ಲಿ ಒಂದು ಪ್ರಾಯೋಗಿಕ ಯೋಜನೆಯನ್ನು ಸೇರಿಸಿದರು. ಒಂದು ಶೈಕ್ಷಣಿಕ ವರ್ಷ ಮುಗಿಸಿದ ವಿದೇಶಿ ವಿದ್ಯಾರ್ಥಿ ಆವರಣದ ಹೊರಗೂ ವಾರಕ್ಕೆ 20 ಗಂಟೆ ದುಡಿಯಬಹುದಿತ್ತು. ಮಾಲೀಕನು ಮೊದಲು 60 ದಿನ ಸ್ಥಳೀಯರನ್ನು ಹುಡುಕಬೇಕಿತ್ತು. ಸ್ಥಳೀಯರಿಗೆ ಕೊಡುವ ದರದಲ್ಲೇ ವೇತನ ಕೊಡುತ್ತೇನೆಂದು ಬರೆದುಕೊಡಬೇಕಿತ್ತು. ಸ್ಥಳೀಯನಿಗೂ ರಕ್ಷಣೆ, ವಿದ್ಯಾರ್ಥಿಗೂ ದಾರಿ. ಆ ಯೋಜನೆಯನ್ನು 1996ರಲ್ಲಿ ಮುಗಿಯಗೊಟ್ಟರು. ಅದನ್ನು ತಿದ್ದಿ ಮುಂದುವರಿಸಬಹುದಿತ್ತು. ಮತ್ತೆ ಗೋಡೆಯ ಮೊರೆಹೊಕ್ಕರು.

ಬೇರೆ ದೇಶಗಳನ್ನೂ ನೋಡೋಣ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿ; ಆವರಣದ ಒಳಗೋ ಹೊರಗೋ ಎಂದು ಕೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಎರಡು ವಾರಕ್ಕೆ 48 ಗಂಟೆ. ಜರ್ಮನಿಯಲ್ಲಿ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಕೆನಡಾದಲ್ಲಿ 2024ರ ನವೆಂಬರಿನಿಂದ ಆವರಣದ ಹೊರಗೆ ವಾರಕ್ಕೆ 24 ಗಂಟೆ. ಒಳಗಿನ ಕೆಲಸಕ್ಕೆ ಗಂಟೆಯ ಮಿತಿಯೇ ಇಲ್ಲ. ಇವೆಲ್ಲ ತಮ್ಮ ಕಾರ್ಮಿಕರನ್ನು ಗಾಳಿಗೆ ತೂರಿದ ದೇಶಗಳೇನಲ್ಲ. ಗಂಟೆಯನ್ನು ಎಣಿಸಿದರೆ ಸಾಕೆಂದು ಕಂಡುಕೊಂಡ ದೇಶಗಳು.

ಮೂರನೆಯ ವಾದ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವಂಥದು. 'ನಿನ್ನ ಬಳಿ ಹಣವಿದೆಯೆಂದು ತೋರಿಸಿಯೇ ಬಂದಿದ್ದೀಯೆ. ಈಗ ದುಡಿಮೆಯ ಮಾತೇಕೆ?' ಎನ್ನುತ್ತಾರೆ. ಹೌದು, ವಿಶ್ವವಿದ್ಯಾಲಯ ಐ-20 ಎಂಬ ಪತ್ರವನ್ನು ಕೊಡುವ ಮೊದಲು ವರ್ಷದ ಶುಲ್ಕಕ್ಕೂ ಜೀವನಕ್ಕೂ ಹಣವಿದೆಯೆಂದು ಪುರಾವೆ ಕೇಳುತ್ತದೆ. ಆ ಪುರಾವೆ ಏನು? ನಮ್ಮ ಕಡೆಯ ಬಹಳ ಮನೆಗಳಲ್ಲಿ ಅದು ಬ್ಯಾಂಕಿನ ಸಾಲ ಮಂಜೂರಾತಿ ಪತ್ರ. ಸಾಲವನ್ನು ಹಣವೆಂದು ಒಪ್ಪಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಒಳಗೆ ಬಂದ ಮೇಲೆ ಅವನನ್ನು ಹಣವಂತನೆಂದು ಕರೆಯುತ್ತಾರೆ! ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಸ್ಥಿರ ಭದ್ರತೆ ಬೇಕು. ಕಂಪ್ಲಿಯ ರೈತನ ತುಂಗಭದ್ರೆಯ ನೀರುಂಡ ಗದ್ದೆಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಒತ್ತೆಯಾಗಿ ಹಿಡಿಯುವುದಿಲ್ಲ. ಆಗ ಅವನು ಹಿರಿಯರ ಮನೆಯನ್ನು ಒತ್ತೆಯಿಡಬೇಕು, ಇಲ್ಲವೇ ಹೆಚ್ಚು ಬಡ್ಡಿಯ ಖಾಸಗಿ ಸಾಲಕ್ಕೆ ಹೋಗಬೇಕು.

ಸಾಲ ಮಾಡುವುದು ರೂಪಾಯಿಯಲ್ಲಿ, ಖರ್ಚು ಡಾಲರಿನಲ್ಲಿ. 2022ರ ಜುಲೈಯಲ್ಲಿ ಡಾಲರ್ ಮೊದಲ ಬಾರಿಗೆ 80 ರೂಪಾಯಿ ದಾಟಿತು, ಆಮೇಲೆಯೂ ಏರಿತು. ಹುಡುಗ ಏನೂ ತಪ್ಪು ಮಾಡದಿದ್ದರೂ ಅವನ ಶುಲ್ಕ ರೂಪಾಯಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಇದನ್ನು ಅಮೆರಿಕದ ನಿಯಮವೂ ಅರಿಯದೆ ಇಲ್ಲ. ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಕ್ಕಿದವರು ಹೊರಗೆ ದುಡಿಯಲು ಅನುಮತಿ ಕೋರಬಹುದೆಂದು ಅದರಲ್ಲೇ ಬರೆದಿದೆ. ಕಾರಣಗಳ ಪಟ್ಟಿಯಲ್ಲಿ ನಾಣ್ಯದ ವಿನಿಮಯ ದರದ ಭಾರೀ ಏರುಪೇರೂ ಇದೆ. ಆದರೆ ಒಂದು ಪೂರ್ಣ ಶೈಕ್ಷಣಿಕ ವರ್ಷ ಕಳೆದಿರಬೇಕು, ಅರ್ಜಿ ಹಾಕಿ ಶುಲ್ಕ ತೆತ್ತು ಕಾಯಬೇಕು, ಆವರಣದ ಕೆಲಸ ಸಾಲದೆಂದು ತೋರಿಸಬೇಕು. ಎರಡು ವರ್ಷದ ಎಂ.ಎಸ್. ಓದುವವನಿಗೆ ಅರ್ಧ ಓದು ಮುಗಿದ ಮೇಲೆ ಬಾಗಿಲು ತಟ್ಟಲು ಅನುಮತಿ! ಮನೆಗೆ ಬೆಂಕಿ ಬಿದ್ದವನಿಗೆ ಮುಂದಿನ ವರ್ಷ ಬಾವಿ ತೋಡಿಸೋಣ ಎಂದಂತೆ.

ಗೋಡೆಯಿಂದ ಓದು ಉಳಿಯಿತೆ, ಕಾನೂನು ಉಳಿಯಿತೆ? ಎರಡೂ ಉಳಿಯಲಿಲ್ಲ. ಕೆಲಸ ಸಿಗದವನು ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಹಿಂಬದಿಯಲ್ಲೋ ಕಳ್ಳತನದಲ್ಲಿ ದುಡಿಯುತ್ತಾನೆ. ಕೂಲಿ ಕೈಗೆ ನಗದಾಗಿ ಬರುತ್ತದೆ, ಬಂದಷ್ಟು ಬಂತು. ಅಲ್ಲಿ ಗಂಟೆ ಎಣಿಸುವವರಿಲ್ಲ. 20ರ ಮಿತಿಯೂ ಗೋಡೆಯ ಜೊತೆಗೇ ಬಿದ್ದುಹೋಗುತ್ತದೆ. ಮಾಲೀಕನು ಕೂಲಿ ಕೊಡದಿದ್ದರೆ ದೂರು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ದೂರು ಕೊಡಲು ಹೋದವನು ತನ್ನ ತಪ್ಪನ್ನೇ ಬರೆದುಕೊಟ್ಟಂತಾಗುತ್ತದೆ. ವಿದ್ಯಾರ್ಥಿ ಸ್ಥಾನಮಾನ ಕಳೆದುಕೊಂಡವರು ಅದರ ಮರುಸ್ಥಾಪನೆ ಕೋರುವ ಒಂದು ಕ್ರಮ ಅಲ್ಲಿದೆ. ಅನುಮತಿಯಿಲ್ಲದೆ ದುಡಿದವನಿಗೆ ಆ ಬಾಗಿಲೂ ಮುಚ್ಚಿದೆ. ನನ್ನ ಬಳಿ ಓದಿದ ಒಬ್ಬ ಹುಡುಗ ಇಂಥದೊಂದು ಅಂಗಡಿಯಲ್ಲಿ ಮೂರು ತಿಂಗಳು ರಾತ್ರಿ ಪಾಳಿ ದುಡಿದು ಕೊನೆಯ ತಿಂಗಳ ಕೂಲಿ ಕಾಣದೆ ಹೊರಬಂದ. "ಕೇಳ್ಲಿಲ್ಲೇನೋ?" ಎಂದೆ. "ಯಾವ ಬಾಯಿಂದ ಕೇಳ್ಲಿ ಸರ್?" ಎಂದ. ಅನ್ಯಾಯಕ್ಕೆ ಒಳಗಾದವನ ಬಾಯಿಯನ್ನೇ ಕಟ್ಟುವ ನಿಯಮ ಯಾರನ್ನು ರಕ್ಷಿಸುತ್ತದೆಂಬುದನ್ನು ನೀವೇ ಯೋಚಿಸಿ.

ಇಲ್ಲೊಂದು ಆಕ್ಷೇಪ ಬರಬಹುದು. ಗಂಟೆಯ ಮಿತಿಯೂ ಇದೇ ಕೆಲಸ ಮಾಡುವುದಿಲ್ಲವೇ? ಮಾಡಬಲ್ಲುದು, ಆಸ್ಟ್ರೇಲಿಯಾದಲ್ಲಿ ಮಾಡಿತು. 2015ರಲ್ಲಿ ಅಲ್ಲಿನ ಪತ್ರಕರ್ತರು ಸೆವೆನ್-ಇಲೆವೆನ್ ಅಂಗಡಿಗಳ ವ್ಯವಹಾರವನ್ನು ಬಯಲಿಗೆಳೆದಾಗ, ವಿದೇಶಿ ವಿದ್ಯಾರ್ಥಿಗಳಿಂದ ಮಿತಿ ಮೀರಿ ದುಡಿಸಿಕೊಂಡು, ಅರ್ಧ ಕೂಲಿ ಕೊಟ್ಟು, ಬಾಯಿಬಿಟ್ಟರೆ ವೀಸಾ ಹೋದೀತೆಂದು ಹೆದರಿಸಿದ ಕಥೆಗಳು ಹೊರಬಂದವು. ಆ ದೇಶ ಪಾಠ ಕಲಿಯಿತು. 2024ರ ಜುಲೈಯಿಂದ, ವೀಸಾದ ಭಯ ತೋರಿಸಿ ಕಾರ್ಮಿಕನನ್ನು ಶೋಷಿಸುವ ಮಾಲೀಕನೇ ಅಪರಾಧಿಯೆಂಬ ಕಾನೂನು ಜಾರಿಗೆ ಬಂದಿದೆ. ಮಿತಿಯಿರಲಿ, ಆದರೆ ಮಿತಿ ಮೀರಿಸಿದವನಿಗೆ ಮೊದಲ ಶಿಕ್ಷೆಯಾಗಲಿ. ಬೇಲಿ ಸರಿಯಾದ ಕಡೆ ಹಾಕಿದರೆ ಬೆಳೆ ಉಳಿಯುತ್ತದೆ.

ಈಗ ನಮ್ಮ ಮನೆಯ ಮಾತು. ಇದನ್ನು ಹೇಳದೆ ಅಮೆರಿಕವನ್ನಷ್ಟೇ ದೂರಿ ಲೇಖನಿಯನ್ನಿಟ್ಟರೆ ನಾನು ಪಾಠ ಹೇಳಿದ್ದಕ್ಕೆ ಅರ್ಥವಿರುವುದಿಲ್ಲ.

ಭಾರತ ಸರ್ಕಾರ 2018ರಲ್ಲಿ 'ಸ್ಟಡಿ ಇನ್ ಇಂಡಿಯಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿ ವಿದೇಶಿ ವಿದ್ಯಾರ್ಥಿಗಳನ್ನು ಕೈಬೀಸಿ ಕರೆಯಿತು. 2018-19ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 47,427. ಅವರಲ್ಲಿ ಹತ್ತು ಸಾವಿರದಷ್ಟು ಮಂದಿ ನಮ್ಮ ಕರ್ನಾಟಕದಲ್ಲೇ ಇದ್ದರು. ನೇಪಾಳ, ಅಫ್ಘಾನಿಸ್ತಾನ, ಸುಡಾನ್, ಯೆಮೆನ್, ನೈಜೀರಿಯಾ ಮುಂತಾದ ದೇಶಗಳ ಮಕ್ಕಳು. ಇವರಿಗೆ ನಾವು ಕೊಟ್ಟಿರುವ ಗಂಟೆ ಎಷ್ಟು? ಸೊನ್ನೆ. ನಮ್ಮ ವಿದ್ಯಾರ್ಥಿ ವೀಸಾದ ಮೇಲೆ ವೇತನದ ಉದ್ಯೋಗಕ್ಕೆ ಅವಕಾಶವಿಲ್ಲ; ಆವರಣದೊಳಗೆ ವಾರಕ್ಕೆ ಇಷ್ಟು ಗಂಟೆ ಎಂಬ ಸಾಮಾನ್ಯ ಅನುಮತಿಯೂ ಇಲ್ಲ. ಅಮೆರಿಕ ಗೋಡೆಯೊಳಗಾದರೂ ದುಡಿ ಎನ್ನುತ್ತದೆ. ನಾವು ಗೋಡೆಯೊಳಗೂ ಬೇಡ ಎನ್ನುತ್ತೇವೆ. ಯುದ್ಧದಿಂದಲೋ ಹಣದುಬ್ಬರದಿಂದಲೋ ಊರಿನಿಂದ ಬರುವ ಹಣ ನಿಂತಾಗ ಮೈಸೂರಿನ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಆ ಹುಡುಗ ಏನು ತಿನ್ನಬೇಕು? ಅವನೂ ಒಬ್ಬ ತಂದೆಯ ಸಾಲದ ಮೇಲೆ ಬಂದವನೇ.

ನಮ್ಮ ಪಕ್ಕದಲ್ಲೇ ಉದಾಹರಣೆ ನೋಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಇದೆ. ಒಬ್ಬ ಜಪಾನೀ ಹುಡುಗಿ ಅಲ್ಲಿಗೆ ಬಂದು ಶಾಸನಗಳನ್ನು ಓದುತ್ತಾಳೆಂದು ಭಾವಿಸಿ. ಮಗ್ಗುಲಲ್ಲೇ ವಿಶ್ವ ಪರಂಪರೆಯ ತಾಣ. ಅವಳ ದೇಶದ ಪ್ರವಾಸಿಗರು ವಿಜಯವಿಠ್ಠಲನ ಗುಡಿಯ ಮುಂದೆ ಭಾಷೆ ತಿಳಿಯದೆ ನಿಂತಿರುತ್ತಾರೆ. ಅವಳು ವಾರಕ್ಕೆ ಹತ್ತು ಗಂಟೆ ಅವರಿಗೆ ಕಲ್ಲಿನ ಕಥೆ ಹೇಳಿ ನಾಲ್ಕು ಕಾಸು ಸಂಪಾದಿಸಿದರೆ ಯಾರ ಅನ್ನಕ್ಕೆ ಕಲ್ಲು ಬಿತ್ತು? ಕೊನೆಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಂಬಳಕ್ಕೆ ಪುಸ್ತಕ ಜೋಡಿಸುವುದಕ್ಕೂ ನಮ್ಮ ನಿಯಮ ಒಪ್ಪುವುದಿಲ್ಲ. ದುಡಿದು ಓದುವುದನ್ನು ಗೌರವಿಸಿದ ನಾಡು ನಮ್ಮದು. ಮನೆಪಾಠ ಹೇಳಿ, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ರಜೆಯಲ್ಲಿ ಭತ್ತದ ನಾಟಿಗೆ ಹೋಗಿ ಓದಿ ಮೇಲೆ ಬಂದವರು ನಮ್ಮ ತಲೆಮಾರಿನಲ್ಲಿ ಎಷ್ಟೋ ಮಂದಿ. ನಮಗಿದ್ದ ದಾರಿಯನ್ನು ಅತಿಥಿಗೆ ಮುಚ್ಚುವುದು ಯಾವ ಅತಿಥಿ ಸತ್ಕಾರ?

ಇನ್ನು ತಂದೆತಾಯಿಗಳಾದ ನನ್ನ ಶಿಷ್ಯರಿಗೆ ಒಂದು ಮಾತು. "ಹುಡುಗ ಅಲ್ಲಿ ದುಡ್ಕೊಂಡು ತಾನೇ ತೀರಿಸ್ತಾನ್ರೀ ಮೇಷ್ಟ್ರೇ" ಎಂದು ಹಲವರು ನನಗೆ ಹೇಳಿದ್ದೀರಿ. ಯಾರೋ ಮಧ್ಯವರ್ತಿ ಹಾಗೆಂದು ನಿಮ್ಮ ಕಿವಿ ತುಂಬಿದ್ದಾನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದ ದಿನವನ್ನು ನೆನೆಯಿರಿ. ಅಕ್ರಮಕ್ಕೆ ತಡೆ ಬಿದ್ದದ್ದು ನ್ಯಾಯವೇ. ಆದರೆ ದಿನಕ್ಕೆ ಇಷ್ಟು ಟ್ರಿಪ್ಪು, ತಿಂಗಳಿಗೆ ಇಷ್ಟು ಕಂತು ಎಂದು ಎಣಿಸಿ ಸಾಲದಲ್ಲಿ ಲಾರಿ ಕೊಂಡವರ ಕಂತು ನಿಲ್ಲಲಿಲ್ಲ. ಇನ್ನೊಬ್ಬರ ಆದೇಶದ ಮೇಲೆ ನಿಂತ ಆದಾಯವನ್ನು ನಂಬಿ ಸಾಲ ಮಾಡಬಾರದೆಂಬುದು ನಮ್ಮ ಸೀಮೆಗೆ ಹೊಸ ಪಾಠವಲ್ಲ. ಆವರಣದ ಕೆಲಸ ಸಿಕ್ಕರೆ ಕೈಖರ್ಚಿಗಾಯಿತೆಂದು ತಿಳಿಯಿರಿ. ಸಾಲದ ಕಾಗದಕ್ಕೆ ಸಹಿ ಹಾಕುವಾಗ ಅದನ್ನು ಸೊನ್ನೆಯೆಂದೇ ಹಿಡಿಯಿರಿ. ಮಗನಿಗೆ ತಿಂಗಳ ಮೊದಲ ದಿನವೇ ಕರೆಮಾಡಿ "ಕೆಲಸ ಸಿಕ್ಕಿತೇನೋ?" ಎಂದು ಕೇಳಬೇಡಿ. ಆ ಒಂದು ಪ್ರಶ್ನೆಯೇ ಅವನನ್ನು ಪೆಟ್ರೋಲ್ ಬಂಕಿನ ರಾತ್ರಿ ಪಾಳಿಗೆ ಅಟ್ಟುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಶಿಷ್ಯರೇ, ನಿಮ್ಮಲ್ಲಿ ಕೆಲವರು ಈಗ ಅಲ್ಲಿನ ಮತದಾರರು, ಒಬ್ಬಿಬ್ಬರು ಅಧ್ಯಾಪಕರು. ನೀವೂ ಒಂದು ಕಾಲಕ್ಕೆ ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ಗಂಟೆ ಎಣಿಸಿದವರೇ. ದಾಟಿದ ಮೇಲೆ ದೋಣಿಯನ್ನು ಮರೆಯಬೇಡಿ. 1990ರ ಯೋಜನೆಯಂಥದನ್ನು ಮತ್ತೆ ತರಬೇಕೆಂದು ನಿಮ್ಮ ಜನಪ್ರತಿನಿಧಿಗೆ ಬರೆಯಿರಿ. ಅದಾಗುವ ತನಕ, ನಿಮ್ಮ ವಿಭಾಗದಲ್ಲಿ ಹತ್ತು ಗಂಟೆಯ ಕೆಲಸವೊಂದು ತೆರವಾದರೆ ಆ ಸುದ್ದಿ ಹೊಸದಾಗಿ ಬಂದ ಮಕ್ಕಳ ಕಿವಿಗೂ ಬೀಳುವಂತೆ ಮಾಡಿ. ಇಲ್ಲಿರುವ ನಾವು ದೆಹಲಿಗೆ ಬರೆಯೋಣ: ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದುವ ವಿದೇಶಿ ಮಕ್ಕಳಿಗೆ ವಾರಕ್ಕೆ 20 ಗಂಟೆ, ಒಳಗಾಗಲಿ ಹೊರಗಾಗಲಿ, ದುಡಿಯುವ ಅನುಮತಿ ಕೊಡಿ ಎಂದು. ನನ್ನ ಪತ್ರ ಸಿದ್ಧವಾಗಿದೆ. ಸಹಿ ಹಾಕಬಯಸುವವರು ಯಾವ ಭಾನುವಾರ ಬಂದರೂ ಸರಿ, ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ.